ಶಿರಾಳಕೊಪ್ಪದ ಒತ್ತು

ಶಿರಾಳಕೊಪ್ಪದ ಕೊನೆಯ ಒತ್ತು ನನ್ನ ಮಷೀನಿನಿಂದ ಒಂದು ಸಲವೂ ಇಡಿಯಾಗಿ ಬರಲಿಲ್ಲ. ಶಿರಾ ಬರುತ್ತಿತ್ತು, ಳ ಬರುತ್ತಿತ್ತು, ಕೊ ಹಾಗೂ ಹೀಗೂ ಬರುತ್ತಿತ್ತು. ಪಕಾರದ ಕೆಳಗಿನ ಆ ಪುಟ್ಟ ಒತ್ತು ಮಾತ್ರ, ಅಕ್ಷರದ ಸುತ್ತ ಉಳಿದ ಬೇಡದ ಸ್ಟಿಕ್ಕರನ್ನು ಕೀಳುವಾಗ ಅದರ ಜೊತೆಗೇ ಎದ್ದು ಬಂದುಬಿಡುತ್ತಿತ್ತು. ಕಾಗದದ ಮೇಲೆ ಉಳಿಯುತ್ತಿದ್ದದ್ದು 'ಶಿರಾಳಕೊಪ'.

ನಮ್ಮದು ಕುರಿ ಸಾಕುವ ಮನೆ. ಊರು ಅಂಬ್ಲಿಗೊಳದ ಹತ್ತಿರ. ನನಗಿಂತ ಮೊದಲು ನಮ್ಮಲ್ಲಿ ಯಾರೂ ಹೈಸ್ಕೂಲು ದಾಟಿರಲಿಲ್ಲ. ನಾನು ಬಿ.ಎಸ್ಸಿ. ಮಾಡಿದೆ. ಸೆಕೆಂಡ್ ಕ್ಲಾಸು, ಆದರೆ ಒಂದು ಪೇಪರೂ ಉಳಿಸಿಕೊಳ್ಳದೆ ಒಂದೇ ಏಟಿಗೆ. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಕನ್ನಡ ಮೀಡಿಯಮ್ಮಿನಿಂದ ಹೋದವನು. ಮೊದಲ ವರ್ಷ ಲೆಕ್ಚರರು ಹೇಳಿದ ಇಂಗ್ಲಿಷನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಂದು, ಹಾಸ್ಟೆಲಿನಲ್ಲಿ ಕೂತು ಗೊತ್ತಿಲ್ಲದ ಒಂದೊಂದು ಪದವನ್ನೂ ಡಿಕ್ಷನರಿಯಲ್ಲಿ ಹುಡುಕುತ್ತಿದ್ದೆ. ಹಾಗೆ ಪಾಸಾದದ್ದು.

ಡಿಗ್ರಿ ಮುಗಿದ ಮೇಲೆ ಎರಡು ವರ್ಷ ಅರ್ಜಿ ಹಾಕಿದ್ದೇ ಕೆಲಸ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹಾಸ್ಟೆಲಿನ ಗೆಳೆಯನೊಬ್ಬನ ಮಾವ ದಾವಣಗೆರೆಯಲ್ಲಿ ಬೋರ್ಡು ಮಾಡುವವರು. ಅವರು ದೊಡ್ಡ ಮಷೀನು ತರಿಸಿಕೊಂಡಿದ್ದರಿಂದ ಹಳೆಯದು ಮೂಲೆ ಸೇರಿತ್ತು. ಕಂಪ್ಯೂಟರಿನಲ್ಲಿ ಅಕ್ಷರ ಬರೆದರೆ ಅದೇ ಅಕ್ಷರವನ್ನು ಸ್ಟಿಕ್ಕರ್ ಶೀಟಿನ ಮೇಲೆ ಸಣ್ಣ ಅಲಗಿನಿಂದ ಕೊಯ್ದುಕೊಡುವ ಮಷೀನು. ಶಿಕಾರಿಪುರದಲ್ಲಿ ಆಗ ಅಂಥದ್ದು ಇರಲಿಲ್ಲ. ಮೂರು ತಿಂಗಳು ಇಟ್ಟುಕೋ, ಕೆಲಸ ಹಿಡಿದರೆ ನಿನ್ನಲ್ಲೇ ಇರಲಿ, ಇಲ್ಲದಿದ್ದರೆ ನಾನೇ ಬಂದು ಒಯ್ಯುತ್ತೇನೆ ಎಂದರು. ಹೊಸ ಅಲಗುಗಳ ಒಂದು ಡಬ್ಬಿಯನ್ನೂ ಇಂಗ್ಲಿಷ್ ಪುಸ್ತಕವನ್ನೂ ಕೊಟ್ಟು, ಅಲಗು ಬದಲಿಸಿದ ದಿನ ತಪ್ಪದೆ ಪುಸ್ತಕ ನೋಡಬೇಕೆಂದು ಹೇಳಿದರು. ಅದೆಲ್ಲ ಓದಿಕೊಳ್ಳುತ್ತೇನೆ ಬಿಡಿ ಎಂದು ನಾನು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡೆ.

ಬಸ್ ಸ್ಟ್ಯಾಂಡ್ ಹತ್ತಿರ ಒಂದು ಕೋಣೆ ಹಿಡಿದೆ, ಹಳೆಯ ಕಂಪ್ಯೂಟರೊಂದನ್ನು ಹೊಂದಿಸಿಕೊಂಡೆ. ಮೊದಲ ತಿಂಗಳು ಸ್ಕೂಟರಿನ ನಂಬರ್ ಪ್ಲೇಟು, ಕ್ಲಿನಿಕ್ಕಿನ ಬಾಗಿಲ ಮೇಲಿನ ಹೆಸರು, ಇಷ್ಟೇ. ಆಮೇಲೆ ಹಳೆಯ ಅಲಗು ಮೊಂಡಾಯಿತು, ಹೊಸದನ್ನು ಹಾಕಿದೆ. ಅದೇ ವಾರ ದವಸದ ಮಂಡಿಯವರೊಬ್ಬರು ಒಳಗೆ ಬಂದರು. ಅವರು ಹೊಸದಾಗಿ ಬಸ್ಸಿನ ವ್ಯವಹಾರಕ್ಕೆ ಇಳಿದಿದ್ದರು. ಮೊದಲ ಬಸ್ಸಿನ ಎರಡೂ ಮಗ್ಗುಲಿಗೆ 'ಶಿಕಾರಿಪುರ – ಶಿರಾಳಕೊಪ್ಪ – ಸೊರಬ' ಎಂದು ಹಾಕಿಕೊಡಬೇಕು, ಚೆನ್ನಾಗಿ ಬಂದರೆ ಹಿಂದೆ ಬರುವ ಮೂರು ಬಸ್ಸೂ ನಿಮಗೇ ಎಂದರು. ಇಪ್ಪತ್ತು ದಿನದಲ್ಲಿ ಬಸ್ಸು ಆರ್.ಟಿ.ಓ. ಪಾಸಿಂಗಿಗೆ ಶಿವಮೊಗ್ಗಕ್ಕೆ ಹೋಗಬೇಕಿತ್ತು. ಆ ನಾಲ್ಕು ಬಸ್ಸು ಸಿಕ್ಕರೆ ಮಷೀನು ನನ್ನದು. ಸಿಗದಿದ್ದರೆ ಮತ್ತೆ ಅರ್ಜಿ.

ಅಲ್ಲಿಂದ ಶುರುವಾಯಿತು. ಹೊಸ ಅಲಗಿನಲ್ಲಿ ಯಾವ ಗೆರೆಯೂ ಹೊರಟ ಜಾಗಕ್ಕೆ ವಾಪಸ್ಸು ಬಂದು ಸೇರುತ್ತಿರಲಿಲ್ಲ. ರಕಾರದ ಸುತ್ತು ಒಂದು ಕೂದಲೆಳೆ ಬಾಯಿ ಬಿಡುತ್ತಿತ್ತು. ತಲೆಕಟ್ಟಿನ ಮೂಲೆಗೆ ಬಾಲ ಮೂಡುತ್ತಿತ್ತು. ಇಂಗ್ಲಿಷಿನ ದಪ್ಪ ಅಕ್ಷರವಾದರೆ ಕೈಯಲ್ಲಿ ತಿದ್ದಬಹುದು. ಕನ್ನಡದ ಅಕ್ಷರವೆಲ್ಲ ಸುತ್ತು, ಸುತ್ತಿನ ಕೆಳಗೆ ಒತ್ತು. ಅಲಗು ಸಾಕಷ್ಟು ಒತ್ತುತ್ತಿಲ್ಲ ಎಂದುಕೊಂಡು ಒತ್ತಡ ಹೆಚ್ಚಿಸಿದೆ. ವೇಗ ತಗ್ಗಿಸಿದೆ. ಶೀಟು ತಣ್ಣಗಿದೆಯೆಂದು ಬಿಸಿಲಿಗಿಟ್ಟೆ. ಇಷ್ಟನ್ನೂ ಒಂದೇ ದಿನ ಮಾಡಿದೆ. ಮುಂದೆ ಸೊರಬದ ಟ್ಯುಟೋರಿಯಲ್ಲಿನಲ್ಲಿ ಫಿಸಿಕ್ಸ್ ಹೇಳಿಕೊಡುವಾಗ, ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಬರೆಯುವಾಗೆಲ್ಲ ಆ ಬಿಸಿಲು ನೆನಪಾಗುತ್ತಿತ್ತು.

ಸಂತೆಯ ದಿನ ಅಪ್ಪ ಬಂದ. ಬಂದರೆ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕಂಬಳಿ ಮಡಿಸಿ ಹಾಕಿಕೊಂಡು ನೆಲದ ಮೇಲೆ ಕೂರುತ್ತಿದ್ದ. ಕುರ್ಚಿ ಬೇಡ, ಗಿರಾಕಿ ಬಂದರೆ ಬೇಕಾಗುತ್ತದೆ ಎನ್ನುತ್ತಿದ್ದ. ನಾನು ಕಿತ್ತೆಸೆದ ಶೀಟೊಂದನ್ನು ಎತ್ತಿಕೊಂಡು, ಹಿಂಬದಿಗೆ ತಿರುಗಿಸಿ, ಕಾಗದದ ಮೇಲೆ ಹೆಬ್ಬೆರಳು ಆಡಿಸಿದ.

"ಮೈಗೆ ತಾಕೈತಲ್ಲೋ ಮಗಾ."

ನಾನು ಏನದು ಎಂದೆ.

"ಕುರಿ ಕತ್ರಿಸುವಾಗ ಉಣ್ಣೆ ಅಷ್ಟ ಬರಬೇಕು, ಚರ್ಮಕ್ಕ ಗೀರಬಾರ್ದು. ನಿನ್ನ ಅಲಗು ಭಾಳ ಹೊರಗ ಬಂದೈತಿ. ಒತ್ತಿ ಕತ್ರಿಸಾಕತ್ತೀದಿ."

ಇದು ಕುರಿಯಲ್ಲಪ್ಪ, ಕಂಪ್ಯೂಟರು ಎಂದು ರೇಗಿದೆ. ಅಪ್ಪ ಶೀಟು ಮಡಿಸಿಟ್ಟು, ಟೀ ಕುಡಿದು ಸಂತೆಗೆ ಹೋದ. ಅವನು ಕಣ್ಮರೆಯಾದ ಮೇಲೆ ನಾನೂ ಶೀಟು ತಿರುಗಿಸಿ ನೋಡಿದೆ. ಹಿಂದಿನ ಕಾಗದದಲ್ಲಿ ಅಕ್ಷರಗಳ ಗೆರೆಗಳೆಲ್ಲ ಆಚೆಬದಿಗೂ ಕೊಯ್ದುಹೋಗಿದ್ದವು. ಅಲಗನ್ನು ಒಳಗೆ ತಿರುವಿ, ತುದಿ ಕಂಡೂ ಕಾಣದಷ್ಟು ಬಿಟ್ಟೆ. ಒತ್ತಡ ಇಳಿಸಿದೆ. ಮೇಲಿನ ಸ್ಟಿಕ್ಕರ್ ಮಾತ್ರ ಕೊಯ್ದು ಕೆಳಗಿನ ಕಾಗದ ನುಣ್ಣಗೆ ಉಳಿಯಿತು. ಶಿಕಾರಿಪುರ ಪೂರ್ತಿ ಬಂತು, ಅಂಚಿಗೆ ಸ್ವಲ್ಪ ಕತ್ತರಿ ತಾಗಿಸಬೇಕಾಯಿತು ಅಷ್ಟೆ. ಸೊರಬವೂ ಬಂತು. ಅರ್ಧ ಗಂಟೆ ನಾನು ಖುಷಿಯಲ್ಲಿದ್ದೆ. ಆಮೇಲೆ ಶಿರಾಳಕೊಪ್ಪ ಹಾಕಿದೆ. ಒತ್ತು ಎದ್ದು ಬಂತು.

ಪುಸ್ತಕ ತೆಗೆದು ಮೊದಲ ಪುಟದಿಂದ ಓದಿದೆ. ಗೊತ್ತಿಲ್ಲದ ಪದ ಬಂದರೆ ಡಿಕ್ಷನರಿ ನೋಡಿದೆ, ಅರ್ಥವನ್ನು ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದೆ. ಒಂದು ಕಡೆ ಆಫ್‌ಸೆಟ್ ಎಂದು ದಪ್ಪ ಅಕ್ಷರದ ತಲೆಬರಹ, ಕೆಳಗೆ ಒಂದು ಪುಟ ವಿವರ, ಕೆಲವು ಅಂಕಿ. ಆಫ್‌ಸೆಟ್ ಅಂದರೆ ಏನೆಂದು ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸು. ಪ್ರತಿ ಲಗ್ನಪತ್ರಿಕೆಯ ಕೆಳಗೂ ಆ ಪದ ಇದ್ದೇ ಇರುತ್ತಿತ್ತು. ಇದು ಪ್ರೆಸ್ಸಿನವರಿಗೆ ಸಂಬಂಧಪಟ್ಟ ಪುಟ ಎಂದು ಮಗುಚಿದೆ. ಗೊತ್ತಿಲ್ಲದ ಪದವಾಗಿದ್ದರೆ ಹುಡುಕುತ್ತಿದ್ದೆ. ಅದು ಗೊತ್ತಿದ್ದ ಪದ.

ದಾವಣಗೆರೆಗೆ ಒಂದು ಫೋನು ಮಾಡಿದ್ದರೆ ಆಗುತ್ತಿತ್ತು. ಎಸ್.ಟಿ.ಡಿ. ಬೂತು ಎದುರಿಗೇ ಇತ್ತು. ಓದಿಕೊಳ್ಳುತ್ತೇನೆ ಎಂದು ಬಂದವನು ಯಾವ ಬಾಯಲ್ಲಿ ಕೇಳಲಿ. ಮಾಡಲಿಲ್ಲ.

ಬಸ್ಸು ಪಾಸಿಂಗಿಗೆ ಹೋಗುವ ಹಿಂದಿನ ದಿನ ಮಂಡಿಯವರ ಅಂಗಳಕ್ಕೆ ಹೋಗಿ ಅಂಟಿಸಿದೆ. ಎರಡು ಮಗ್ಗುಲಿನ ಎರಡು ಒತ್ತನ್ನೂ ಬೇರೆ ತುಂಡಿನಿಂದ ಬ್ಲೇಡಿನಲ್ಲಿ ಕೈಯಾರೆ ಕೊಯ್ದು ಕೂಡಿಸಿದ್ದೆ. ಒಂದು ಪಕ್ಕದ ಅಕ್ಷರಗಳಿಗಿಂತ ದಪ್ಪ, ಇನ್ನೊಂದು ಸಣ್ಣ. ಹತ್ತಿರದಿಂದ ಅಷ್ಟು ಕಾಣುತ್ತಿರಲಿಲ್ಲ. ಮಂಡಿಯವರು ಹತ್ತು ಹೆಜ್ಜೆ ಹಿಂದೆ ಹೋಗಿ ನಿಂತರು. ಬಸ್ಸಿನ ಕಂಡಕ್ಟರಾಗುವವನು ಪಕ್ಕದಲ್ಲಿದ್ದ. ಕೊಪ್ಪದವರು ನೆಗಡಿಯಾಗಿ ಮೂಗು ಊದಿದ ಹಾಗೆ ಕಾಣ್ತಾರಲ್ರೀ ಎಂದು ನಕ್ಕ. ಮಂಡಿಯವರು ನಗಲಿಲ್ಲ.

"ನೋಡ್ರಿ ಬಿಎಸ್ಸಿಯವರೇ, ನೀವು ಓದಿದೋರು, ನಿಮಗೆ ಕೊಡಬೇಕು ಅಂತಲೇ ಕೊಟ್ಟೆ. ಆದ್ರೆ ಊರಿನ ಹೆಸರು ರೀ ಇದು."

ಅಷ್ಟೇ ಅಂದರು. ನಾನೇ ಉಗುರಿನಿಂದ ಕೆರೆದು ಎಲ್ಲವನ್ನೂ ಕಿತ್ತೆ. ಮಧ್ಯಾಹ್ನ ಊರಿನ ಪೇಂಟರೊಬ್ಬರು ಬಂದರು, ಬೀಡಿ ಹಚ್ಚಿಕೊಂಡೇ ಬರೆದರು. ಕೊಪ್ಪದ ಒತ್ತನ್ನು ಒಂದೇ ಎಳೆತದಲ್ಲಿ ಇಳಿಸಿದರು. ಉಳಿದ ಮೂರು ಬಸ್ಸಿನ ಮಾತು ಮತ್ತೆ ಬರಲಿಲ್ಲ. ಮುಂದೆ ಟ್ಯುಟೋರಿಯಲ್ಲಿಗೆಂದು ನಾನು ಸೊರಬಕ್ಕೆ ಹೋಗಿಬರುತ್ತಿದ್ದದ್ದು ಅದೇ ಬಸ್ಸಿನಲ್ಲಿ.

ಮೂರು ತಿಂಗಳಾದ ದಿನ ದಾವಣಗೆರೆಯಿಂದ ಗೆಳೆಯನ ಮಾವ ಟೆಂಪೊ ತಂದರು. ಸಾಮಾನು ಹೊರಲು ಅಪ್ಪನೂ ಬಂದಿದ್ದ. ಕಟ್ಟುವ ಮೊದಲು ಮಷೀನು ಸರಿಯಿದೆಯೋ ನೋಡಬೇಕೆಂದು ಅವರು ಒಂದು ಚೂರು ಶೀಟು ಹಾಕಿದರು. ನನ್ನ ಕಂಪ್ಯೂಟರಿನಲ್ಲಿ ತೆರೆದೇ ಇದ್ದ ಶಿರಾಳಕೊಪ್ಪವನ್ನೇ ಕಳಿಸಿದರು. ಬಾಯಿ ಬಿಟ್ಟ ಸುತ್ತುಗಳನ್ನು ನೋಡಿ, ಗುಂಡಿ ಒತ್ತಿ ಒಂದು ಅಂಕಿ ಬದಲಿಸಿ, ಮತ್ತೆ ಕಳಿಸಿದರು. ಬೇಡದ್ದನ್ನು ಕಿತ್ತರು. ಒತ್ತು ಕಾಗದದ ಮೇಲೆ ಕೂತಿತ್ತು.

"ಆಫ್‌ಸೆಟ್ ಹಳೇ ಅಲಗಿಂದೇ ಐತಲ್ಲಪ್ಪ. ಅಲಗಿನ ತುದಿ ನಡುಮಧ್ಯ ಇರಂಗಿಲ್ಲ, ಒಂಚೂರು ಹಿಂದ ಎಳಕೊಂಡು ಬರ್ತತಿ. ಎಷ್ಟು ಹಿಂದ ಅಂತ ಮಷೀನಿಗೆ ಹೇಳಬೇಕು. ಪುಸ್ತಕ ನೋಡ್ಲಿಲ್ಲೇನು?"

ನಾನು ವೈರು ಸುತ್ತುತ್ತಿದ್ದೆ, ಸುತ್ತುತ್ತಲೇ ಇದ್ದೆ. ಮೂರು ತಿಂಗಳು ಮೂರು ತಿಂಗಳೇ. ಅವರೂ ಹೆಚ್ಚು ಕೇಳಲಿಲ್ಲ, ನಾನೂ ಇನ್ನೊಂದು ತಿಂಗಳು ಕೇಳಲಿಲ್ಲ. ಟೆಂಪೊ ಹೋಯಿತು. ಖಾಲಿ ಕೋಣೆಯಲ್ಲಿ ಅಪ್ಪ ಗೋಡೆಗೊರಗಿ ಕೂತ. ಅವರು ಬಿಟ್ಟುಹೋದ ಆ ಚೂರು ಶೀಟು ಅವನ ಕೈಯಲ್ಲಿತ್ತು. ಓದಲು ಬಾರದು, ಹಿಂಬದಿಗೆ ತಿರುಗಿಸಿ ಹೆಬ್ಬೆರಳು ಆಡಿಸಿದ.

"ಮೈಗೆ ತಾಕಿಲ್ಲ ನೋಡು," ಎಂದ. ಶೀಟು ಮಡಿಸುತ್ತ ಕೇಳಿದ. "ಅವ್ರು ಹೇಳಿದ್ದು, ಅದು ಪುಸ್ತಕದಾಗ ಇತ್ತೇನೋ?"

ಇರಲಿಲ್ಲ ಎಂದೆ.

"ಹಂಗಾದ್ರ ನಿಂದೇನ್ ತಪ್ಪೈತಿ ಬಿಡು."

ಊರಿಗೆ ಹೋಗುವಾಗ ಬಸ್ಸಿನಲ್ಲಿ ಪಕ್ಕದವರಿಗೂ ಅಪ್ಪ ಅದನ್ನೇ ಹೇಳಿದ. ಮಗ ಪುಸ್ತಕ ಪೂರ್ತಿ ಓದಿದ, ಪುಸ್ತಕದಾಗೇ ಇರಲಿಲ್ಲ ಎಂದು. ನಾನು ಕಿಟಕಿಯ ಕಡೆ ಕೂತಿದ್ದೆ.