ತಿರುಗಿ ಬಂದ ದೀಪ

ಊರಿಗೆಲ್ಲ ಅವರು ಕ್ಯಾಲೆಂಡರಣ್ಣ. ಹೆತ್ತವರು ಇಟ್ಟ ಹೆಸರನ್ನು ಕರೆಯುವವರು ಯಾರೂ ಉಳಿದಿರಲಿಲ್ಲ. ಬ್ಯಾಟರಿ ಅಂಗಡಿಯ ಮೇಲಿನ ಒಂದು ಕೋಣೆ ಅವರ ಆಫೀಸು. ಮೆಟ್ಟಿಲು ಕಡಿದಾಗಿತ್ತು. ಹತ್ತುವವರು ಗೋಡೆ ಹಿಡಿದು ಹಿಡಿದು ಸುಣ್ಣದ ಮೇಲೆ ಉದ್ದಕ್ಕೆ ಕಪ್ಪು ಪಟ್ಟಿ ಬಿದ್ದಿತ್ತು. ಒಳಗೆ ನಾಲ್ಕು ಗೋಡೆಗೂ ಕ್ಯಾಲೆಂಡರು, ಒಂದೊಂದು ದೇಶದ್ದು ಒಂದೊಂದು. ಓದಲು ಬಾರದ ಅಕ್ಷರದವೂ ಇದ್ದವು.

ಎಲ್ಲಿ ಹಬ್ಬವೋ ಅಲ್ಲಿಗೆ ಜನರನ್ನು ಕರೆದುಕೊಂಡು ಹೋಗುವುದು ಅವರ ಕಸುಬು. ಬೇರೆ ಟೂರಿನವರು ಕೋಟೆ, ಅರಮನೆ ತೋರಿಸುತ್ತಿದ್ದರು. "ಕಲ್ಲು ಎಲ್ಲಿಗೆ ಓಡಿ ಹೋಗ್ತದೆ? ಮುಂದಿನ ವರ್ಷವೂ ಅಲ್ಲೇ ಬಿದ್ದಿರ್ತದೆ. ಜನ ಕುಣಿಯೋದನ್ನ ನೋಡೋಣ ಬನ್ನಿ" ಎನ್ನುತ್ತಿದ್ದರು ಇವರು. ಒಂದು ದೇಶದಲ್ಲಿ ಮುಖವಾಡ ಹಾಕಿ ಕುಣಿತ, ಇನ್ನೊಂದರಲ್ಲಿ ಹಿಮದ ಮನೆ ಕಟ್ಟಿ ಹಾಡು, ಮತ್ತೊಂದರಲ್ಲಿ ಬೀದಿ ತುಂಬ ಹೂವಿನ ಹಾಸು. ಮಂಡಿ ನೋವಿನವರನ್ನೂ ಸಕ್ಕರೆ ಕಾಯಿಲೆಯವರನ್ನೂ ಅಲ್ಲಿಗೆಲ್ಲ ಕರೆದುಕೊಂಡು ಹೋಗಿ, ಒಬ್ಬರನ್ನೂ ಕಳೆಯದೆ ಮನೆ ಮುಟ್ಟಿಸಿದ್ದರು. ಹೆಂಡತಿ ಮಾತ್ರೆಯ ಚೀಲ ಹಿಡಿದು ಜೊತೆಗೆ ಹೋಗುತ್ತಿದ್ದಳು.

ಅವರಿಗೆ ಒಂದು ಕಟ್ಟುನಿಟ್ಟಿತ್ತು. ಕೆಲವು ಹಬ್ಬಕ್ಕೆ ತಾರೀಖು ನಿಂತ ನೀರು. ಕೆಲವನ್ನು ಚಂದ್ರ, ಬೆಳೆ, ಸಮುದ್ರ ನೋಡಿ ಅಲ್ಲಿಯ ಹಿರಿಯರು ನಿಶ್ಚಯ ಮಾಡುತ್ತಾರೆ. ಅಂಥದ್ದಕ್ಕೆ ಅಚ್ಚಾದ ತಾರೀಖು ನಂಬಬಾರದು, ಅಲ್ಲಿ ಇರುವವರಿಗೆ ಫೋನ್ ಮಾಡಿ ಕೇಳಬೇಕು. ಟಿಕೆಟ್ಟಿಗೆ ಮೊದಲು ಒಂದು ಸಲ, ಹೊರಡುವ ಮೊದಲು ಇನ್ನೊಂದು ಸಲ. ಈ ಮಾತನ್ನು ಅವರ ಹೆಂಡತಿ ನಿದ್ದೆಯಲ್ಲಿ ಎಬ್ಬಿಸಿದರೂ ಹೇಳಿಯಾಳು.

ಆ ವರ್ಷ ಪೇಪರಿನಲ್ಲಿ ಅವರ ಫೋಟೋ ಬಂತು. 'ಹಬ್ಬಗಳ ಸರದಾರ' ಎಂದು ಬರೆದಿದ್ದರು. ಅದನ್ನು ಕಟ್ಟು ಹಾಕಿಸಿ ಕ್ಯಾಲೆಂಡರುಗಳ ನಡುವೆ ತೂಗಿಸಿದರು. ಆಮೇಲೆ ಅವರ ಕಾಲು ನೆಲದ ಮೇಲೆ ಇರಲಿಲ್ಲ.

"ರೀ, ದೀಪದ ಊರಿಗೆ ಫೋನ್ ಮಾಡಿದ್ರಾ?" ಎಂದು ಹೆಂಡತಿ ಕೇಳಿದಳು.

"ಎಷ್ಟೋ ವರ್ಷದಿಂದ ಅಚ್ಚಾದ ದಿನಾನೇ ನಡೀತಿದೆ ಕಣೇ. ಮೀನಿಗೆ ಈಜು ಕಲಿಸ್ತೀಯಾ?"

ದೀಪದ ಊರು ಎಂದರೆ ದೂರದ ದೇಶದಲ್ಲಿ ಹೊಳೆ ಸಮುದ್ರ ಸೇರುವ ಕಡೆ ಇರುವ ಒಂದು ಮೀನುಗಾರರ ಊರು. ಆ ವರ್ಷ ಯಾರ ಮನೆಯಲ್ಲಿ ಸಾವಾಗಿದೆಯೋ ಅವರು ಕಾಗದದ ದೋಣಿಯಲ್ಲಿ ದೀಪ ಇಟ್ಟು ಹೊಳೆಗೆ ಬಿಡುತ್ತಾರೆ. ದೀಪ ಸಮುದ್ರಕ್ಕೆ ಹೋದರೆ ಸತ್ತವರು ನೆಮ್ಮದಿಯಾಗಿ ಹೋದ ಹಾಗೆ. ಅದಕ್ಕೆ ಅಲ್ಲಿಯ ಹಿರಿಯರು ನೀರನ್ನೇ ನೋಡುತ್ತಿರುತ್ತಾರೆ. ಯಾವ ದಿನ ಸೂರ್ಯ ಮುಳುಗುವ ಹೊತ್ತಿಗೆ ಸರಿಯಾಗಿ ಉಬ್ಬರದ ನೀರು ಸಮುದ್ರದ ಕಡೆ ಇಳಿಯಲು ಶುರುವಾಗುತ್ತದೋ ಆ ದಿನ ಹಬ್ಬ. ಸರಕಾರದವರು ಅಚ್ಚು ಹಾಕುವುದು ಬರೀ ಅಂದಾಜು.

ಆ ಟೂರಿಗೆ ಟೈಲರ್ ಮಾವನೂ ಹೊರಟರು. ಅದೇ ಬೀದಿಯವರು. ಅವರ ಹೆಂಡತಿ ತೀರಿಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಆಕೆ ಜೀವಮಾನವೆಲ್ಲ ಗಂಡ ಹೊಲಿದ ಅಂಗಿಗೆ ಕಾಜಾ ಮಾಡಿ ಗುಂಡಿ ಹಚ್ಚಿದವಳು. ಮಾವ ಊರ ಗಡಿ ದಾಟಿದವರಲ್ಲ. "ಅವಳನ್ನ ಮರ್ಯಾದೆಯಾಗಿ ಕಳಿಸಿ ಬರ್ತೀನಿ ಕಣಯ್ಯ" ಎಂದು ತಾವೇ ಮೆಟ್ಟಿಲು ಹತ್ತಿ ಬಂದು ಹೇಳಿದ್ದರು. ದೋಣಿಯಲ್ಲಿ ಇಡುವುದಕ್ಕೆ ಆಕೆಯ ಡಬ್ಬಿಯಿಂದ ಒಂದು ಬಿಳಿ ಗುಂಡಿ ತಂದಿದ್ದರು.

ವಾಡಿಕೆಯಂತೆ ಅಚ್ಚಾದ ದಿನಕ್ಕೆ ಮುಂಚೆಯೇ ಆ ಊರು ಸೇರಿದರು. ಹೊಳೆಯ ದಂಡೆಯಲ್ಲಿ ಹೆಂಗಸರು ಉದ್ದದ ಪೊರಕೆ ಹಿಡಿದು ಗುಡಿಸುತ್ತಿದ್ದರು. ಕಲ್ಲಿನ ಮೇಲೆ ಮೇಣ ಕರಗಿ ಅಂಟಿತ್ತು. ಒದ್ದೆ ಕಾಗದ ರಾಶಿ ಬಿದ್ದಿತ್ತು.

"ನೋಡಿ, ಹಬ್ಬಕ್ಕೆ ಎಷ್ಟು ಚೊಕ್ಕಟ ಮಾಡ್ತಿದ್ದಾರೆ. ನಮ್ಮವರೂ ಇದ್ದಾರೆ, ದಂಡಕ್ಕೆ" ಎಂದರು ಗುಂಪಿನಲ್ಲಿದ್ದ ಟೀಚರಮ್ಮ.

ಕ್ಯಾಲೆಂಡರಣ್ಣನಿಗೆ ನೋಡಿದ ಕೂಡಲೇ ತಿಳಿಯಿತು. ತಾವು ಇಳಿದುಕೊಂಡಿದ್ದ ಹೋಟೆಲಿನವನನ್ನು ಪಕ್ಕಕ್ಕೆ ಕರೆದು ಕೇಳಿದರು. ಹಬ್ಬ ಹಿಂದಿನ ದಿನ ಸಂಜೆಯೇ ಮುಗಿದಿತ್ತು.

ಆಗಲೇ ಹೇಳಬಹುದಿತ್ತು. ಬಾಯಿ ತೆರೆದರು ಕೂಡ. ಅಷ್ಟರಲ್ಲಿ ಟೀಚರಮ್ಮ, "ನಮ್ಮ ಕ್ಯಾಲೆಂಡರಣ್ಣ ತಪ್ಪಿದ್ರೆ ಸೂರ್ಯನೂ ತಪ್ಪಿದ ಹಾಗೆ ಬಿಡಿ" ಎಂದರು. ಎಲ್ಲರೂ ನಕ್ಕರು. ತೆರೆದ ಬಾಯಿ ಮುಚ್ಚಿತು.

ಅಚ್ಚಾದ ದಿನದ ಸಂಜೆ ಹೋಟೆಲಿನವನು ತನ್ನ ಅಡುಗೆಯವರು, ಹಾಸಿಗೆ ಬದಲಿಸುವ ಹುಡುಗಿಯರು, ಡೋಲು ಬಾರಿಸುವ ಇಬ್ಬರು, ಇಷ್ಟು ಜನರನ್ನು ಕೂಡಿಸಿಕೊಂಡು ದಂಡೆಗೆ ಬಂದ. ಹಬ್ಬದ ಹಾಗೆ ಮಾಡಿ ತೋರಿಸು ಎಂದು ಕ್ಯಾಲೆಂಡರಣ್ಣ ಕೇಳಿಕೊಂಡಿದ್ದರು. ಮೀನುಗಾರರು ಯಾರೂ ಬರಲಿಲ್ಲ. ಅವರ ಪೈಕಿ ಒಬ್ಬ ಮುದುಕಿ ಮಾತ್ರ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಬೇಡ ಎನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಬಟ್ಟೆ ಕೊಡವಿ ಎದ್ದು ಹೋದಳು. ಕ್ಯಾಲೆಂಡರಣ್ಣ ಅವಳ ಬೆನ್ನನ್ನೇ ನೋಡಿದರು. ಯಾರೋ ಮುಖಕ್ಕೆ ಉಗಿದ ಹಾಗಾಯಿತು.

ಡೋಲಿಗೆ ಹೋಟೆಲಿನವರು ಕುಣಿದರು. ಗುಂಪಿನವರು ದೀಪ ಬಿಟ್ಟರು. ಫೋಟೋ ತೆಗೆದುಕೊಂಡರು. ಟೈಲರ್ ಮಾವ ತಾವೇ ಹೊಲಿದ ಹೊಸ ಅಂಗಿ ಹಾಕಿಕೊಂಡು ಬಂದಿದ್ದರು. ಗುಂಡಿಯನ್ನು ದೋಣಿಯಲ್ಲಿಟ್ಟು, ಮೆಲ್ಲಗೆ ನೀರಿಗೆ ತಳ್ಳಿ, "ಹೋಗಿ ಬಾ" ಎಂದರು.

ಆದರೆ ನೀರು ಆಗ ಸಮುದ್ರದಿಂದ ಒಳಕ್ಕೆ ಏರುತ್ತಿತ್ತು. ದೀಪಗಳು ಸ್ವಲ್ಪ ದೂರ ಹೋಗಿ, ತಿರುಗಿ, ಒಂದೊಂದಾಗಿ ದಂಡೆಗೇ ಬಂದವು. ಮಾವನ ದೋಣಿ ಬಂದು ಅವರ ಕಾಲಿಗೇ ತಾಗಿ ನಿಂತಿತು. ದೀಪ ಆರಿರಲಿಲ್ಲ. ಮಾವ ಮಂಡಿ ಊರಿ ಕೂತರು. ಅಳುತ್ತ ನಕ್ಕರು.

"ನೋಡಿದ್ರಾ? ಹೋಗು ಅಂದ್ರೆ ಹೋಗಲಿಲ್ಲ. ಬದುಕಿದ್ದಾಗಲೂ ಹಾಗೇ, ಒಂದು ಮಾತು ಕೇಳಿದವಳಲ್ಲ."

"ಎಲ್ಲರದ್ದೂ ವಾಪಸ್ ಬಂತಲ್ಲ ಮಾವ" ಎಂದರು ಟೀಚರಮ್ಮ.

"ನೀವು ಚಂದಕ್ಕೆ ಬಿಟ್ಟವರು. ನಿಮ್ಮದು ಬಂದ್ರೇನು, ಹೋದ್ರೇನು? ನಂದು ಬೇರೆ."

ಗುಂಡಿಯನ್ನು ಎತ್ತಿ ಜೇಬಿಗೆ ಹಾಕಿಕೊಂಡರು. ಆ ಸಂಜೆ ಅವರು ಊಟ ಮಾಡಿದ ಹಾಗೆ ಎಷ್ಟೋ ತಿಂಗಳಿಂದ ಮಾಡಿರಲಿಲ್ಲ. ಎರಡನೇ ಸಲ ಹಾಕಿಸಿಕೊಂಡು ತಿಂದರು.

ಮರುದಿನ ಬೆಳಿಗ್ಗೆ ಹೋಟೆಲಿನ ಅಂಗಳದಲ್ಲಿ ನಿಂತು ಮಗನಿಗೆ ಫೋನ್ ಮಾಡಿದರು. ಗಟ್ಟಿಯಾಗಿ ಮಾತಾಡುವ ಜನ, ಎಲ್ಲರಿಗೂ ಕೇಳುತ್ತಿತ್ತು. "ಅಮ್ಮನ ಮಂಚ ಯಾರಿಗೂ ಕೊಡಬೇಡ ಕಣೋ. ಹಾಸಿಗೆ ಬಿಸಿಲಿಗೆ ಹಾಕು. ಅವಳು ಹೋಗಿಲ್ಲ. ನಾನು ಕಣ್ಣಾರೆ ಕಂಡೆ."

ಕ್ಯಾಲೆಂಡರಣ್ಣ ಕಾಫಿಯ ಲೋಟ ಹಾಗೇ ಇಟ್ಟು ಕೋಣೆಗೆ ಬಂದರು.

"ನಾನು ಹೇಳಿಬಿಡ್ತೀನಿ."

"ಹೇಳಿ ಏನು ಮಾಡ್ತೀರಿ? ಆ ಜೀವ ಒಂದು ದಿನ ನಕ್ಕಿದೆ" ಎಂದಳು ಹೆಂಡತಿ.

"ನನ್ನ ಸುಳ್ಳಿನ ಮೇಲೆ ಆ ಮನುಷ್ಯ ಹಾಸಿಗೆ ಹಾಸ್ತಾ ಇದ್ದಾರಲ್ಲೇ."

"ಫೋನ್ ಮಾಡಿ ಅಂದಾಗ ಮಾಡಲಿಲ್ಲ. ಬಾಯಿ ಬಿಡಿ ಅನ್ನೋ ಹೊತ್ತಿಗೆ ಬಿಡಲಿಲ್ಲ. ಈಗ ಯಾರ ಉರಿ ಆರಿಸೋಕೆ ಹೊರಟಿದ್ದೀರಿ?"

ವಿಮಾನ ನಿಲ್ದಾಣದ ಬಸ್ಸಿಗೆ ಕಾಯುವಾಗ ಕ್ಯಾಲೆಂಡರಣ್ಣ ಮಾವನ ಪಕ್ಕ ಕೂತು ಎಲ್ಲ ಹೇಳಿದರು. ಹಬ್ಬ ಮುಗಿದಿತ್ತು, ಕುಣಿದವರು ಹೋಟೆಲಿನ ಕೆಲಸದವರು, ನೀರು ಏರುವ ಹೊತ್ತು, ಯಾರು ಬಿಟ್ಟರೂ ದೀಪ ತಿರುಗಿ ಬರುತ್ತಿತ್ತು. ಒಂದನ್ನೂ ಬಿಡಲಿಲ್ಲ.

ಮಾವ ತಮ್ಮ ಅಂಗಿಯ ತೋಳಿನ ಹೊಲಿಗೆ ನೋಡುತ್ತ ಕೇಳಿಸಿಕೊಂಡರು. ಕೊನೆಗೆ, "ಇದನ್ನ ನನಗೆ ಯಾಕೆ ಹೇಳಿದೆ?" ಎಂದರು.

"ನನಗೆ ತಡ್ಕೊಳ್ಳೋಕೆ ಆಗಲಿಲ್ಲ ಮಾವ."

"ಹೌದಾ. ಈಗ ಹಗುರಾಯ್ತಾ?"

ಮಾವ ಎದ್ದು ಬಸ್ಸಿನ ಕೊನೆಯ ಸೀಟಿಗೆ ಹೋಗಿ ಕೂತರು. ಊರು ಮುಟ್ಟುವವರೆಗೂ ಯಾರ ಜೊತೆಗೂ ಮಾತಿಲ್ಲ. ಕ್ಯಾಲೆಂಡರಣ್ಣ ಎದುರು ಬಂದರೆ ಬೀದಿಯ ಆಚೆ ದಾಟುವುದು ಆಮೇಲಿನ ಅಭ್ಯಾಸವಾಯಿತು.

ಕ್ಯಾಲೆಂಡರಣ್ಣ ಪೇಪರಿನ ಫೋಟೋ ಇಳಿಸಿ ಬೀರುವಿನ ಹಿಂದೆ ತುರುಕಿದರು. ಉಳಿದವರಿಗೂ ನಡೆದದ್ದು ಹೇಳಿದರು. ಬೈದವರು ಬೈದರು. ಟೀಚರಮ್ಮ, "ಹೋಗಲಿ ಬಿಡಪ್ಪ, ನಮಗೆ ಫೋಟೋ ಚೆನ್ನಾಗಿ ಬಂದಿದೆ" ಎಂದರು. ಆ ಮಾತಿನಿಂದ ಕ್ಯಾಲೆಂಡರಣ್ಣನಿಗೆ ಬೈಗುಳಕ್ಕಿಂತ ಹೆಚ್ಚು ಉರಿಯಿತು.

ಮುಂದಿನ ವರ್ಷ ಆ ಊರಿನ ಹಿರಿಯರಿಗೇ ಫೋನ್ ಮಾಡಿ, ದಿನ ಕೇಳಿ ಗಟ್ಟಿ ಮಾಡಿಕೊಂಡು, ಮಾವನ ಮನೆಗೆ ಹೋದರು. ಮಾವ ಮಿಷನ್ ತುಳಿಯುತ್ತಿದ್ದರು. ತಲೆ ಎತ್ತಲಿಲ್ಲ. ಕಿಟಕಿಯ ಹತ್ತಿರ ಮೊದಲು ಹೆಂಡತಿಯ ಮಂಚ ಇದ್ದ ಜಾಗದಲ್ಲಿ ಬಟ್ಟೆಯ ಗಂಟುಗಳಿದ್ದವು.

"ಮಾವ, ಈ ಸಲ ನಾನೇ ಕರ್ಕೊಂಡು ಹೋಗ್ತೀನಿ. ನಿಮ್ಮೊಬ್ಬರನ್ನೇ."

"ಆ ದಿನ ನೀರು ಹೋಗ್ತದೋ, ಬರ್ತದೋ?"

"ಹೋಗ್ತದೆ ಮಾವ. ಖಂಡಿತ ಹೋಗ್ತದೆ. ಹಿರಿಯರನ್ನೇ ಕೇಳಿದ್ದೀನಿ."

"ಹಾಗಾದ್ರೆ ನನಗೆ ಬೇಡ" ಎಂದರು ಮಾವ. "ಬರೋ ದಿನ ಇದ್ರೆ ಹೇಳು, ಹೊರಡ್ತೀನಿ."

ಮಿಷನ್ ಮತ್ತೆ ಓಡಿತು. ಕ್ಯಾಲೆಂಡರಣ್ಣ ಬಾಗಿಲಲ್ಲಿ ನಿಂತೇ ಇದ್ದರು. ನೀರು ಬರುವ ದಿನ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಕರೆದುಕೊಂಡು ಹೋಗುವ ಹಾಗಿರಲಿಲ್ಲ. ಮಾವನಿಗೂ ಅದು ಗೊತ್ತಿತ್ತು.

ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕೂತರು.

"ಏನಂದ್ರು?" ಎಂದು ಹೆಂಡತಿ ಕೇಳಿದಳು.

"ನನ್ನ ಕೈಯಲ್ಲಿ ಕೊಡೋಕೆ ಆಗದ್ದನ್ನ ಕೇಳಿದ್ರು" ಎಂದರು. "ಒಂದು ಸಲ ಕೊಟ್ಟಿದ್ದೆ. ನಾನೇ ವಾಪಸ್ ಕಿತ್ಕೊಂಡೆ."

ಆಮೇಲೂ ಕಣ್ಣು ಮುಚ್ಚುವವರೆಗೆ ಟೂರು ನಡೆಸಿದರು. ಒಂದು ಹಬ್ಬವೂ ತಪ್ಪಲಿಲ್ಲ. ಚೆನ್ನಾಗಿತ್ತು ಎಂದು ಯಾರಾದರೂ ಹೇಳಿದರೆ ಮುಖ ತಿರುಗಿಸುತ್ತಿದ್ದರು.