ಬೈಸನ್‌ಗೆ ಬಾಳೆಹಣ್ಣು

ಅಮೆರಿಕದ ಸ್ಯಾನ್ ಹೊಸೆ ನಗರದ ಹಿಂದಿನ ಗುಡ್ಡದಲ್ಲಿ, ಹುಲ್ಲುಗಾವಲು ಮತ್ತೆ ಚಿಗುರಲೆಂದು ದನಗಳನ್ನೆಲ್ಲ ಮಾರಿ ಅಲ್ಲಿನ ಕಾಡುಕೋಣಗಳಾದ ಬೈಸನ್‌ಗಳನ್ನು ತಂದ ವೃದ್ಧೆಯೊಬ್ಬರ ಬೇಲಿಯ ಬಳಿ ನಿಂತಿದ್ದೆವು. ಬೆಳಗಿನ ಮಂಜಿನಲ್ಲಿ ಅವು ಕಾಣುತ್ತಿರಲಿಲ್ಲ. ಹುಲ್ಲು ಕಿತ್ತು ಮೇಯುವ ಸದ್ದು ಮಾತ್ರ ಕೇಳಿಸುತ್ತಿತ್ತು.

ಹಸುವನ್ನು ಕಂಡಲ್ಲೆಲ್ಲ ಗೋಗ್ರಾಸ ಕೊಡುವ ನನ್ನ ತಂಗಿ ಶಾರದೆ, ಬಾಳೆಹಣ್ಣು ಹಿಡಿದ ಕೈಯನ್ನು ತಂತಿಗಳ ನಡುವೆ ಚಾಚಿದಳು.

"ಟೆನ್ಷನ್ ಮಾಡ್ಕೋಬೇಡ ಅಕ್ಕ, ನಮ್ಮ ಎಮ್ಮೆ ಥರಾನೇ ಅಲ್ವಾ? ಬಾರಮ್ಮ, ಬಾ!"

ಮೇಯುವ ಸದ್ದು ಒಮ್ಮೆಲೇ ನಿಂತಿತು.

"ಕೈ ತೆಗೀರಿ," ಎಂದು ಪಕ್ಕದಲ್ಲೇ ನಿಂತಿದ್ದ ವೃದ್ಧೆ ಪಿಸುಗುಟ್ಟಿದರು. "ದನಗಳ ಹಾಗೆ ಇವು ಕೂಗ್ತಾ ಬರೋದಿಲ್ಲ, ಸದ್ದಿಲ್ಲದೆ ನುಗ್ತವೆ."

ಶಾರದೆ ಹಣ್ಣನ್ನು ಬಿಟ್ಟು ಕೈ ಸೆಳೆದುಕೊಂಡಳು. ಮರುಕ್ಷಣವೇ ಆ ಕೈಯಿದ್ದಲ್ಲಿ ಬಾಗಿಲಗಲದ ಹಣೆಯೊಂದು ತಂತಿಗೆ ಒತ್ತಿ ನಿಂತಿತ್ತು. ಅದು ಹಣ್ಣನ್ನು ಮೂಸಲೂ ಇಲ್ಲ. ಬಳಿಕ ಮಂಜಿನೊಳಗೆ, ಬೇಲಿಯುದ್ದಕ್ಕೂ, ಒಂದು ಕಡೆಯಾದ ಮೇಲೆ ಇನ್ನೊಂದು ಕಡೆ, ತಂತಿಗಳು ನಮ್ಮತ್ತ ಬಾಗತೊಡಗಿದವು.