ಐದು ರೊಟ್ಟಿಯ ಹೊತ್ತು

ಹತ್ತನೆಯ ಇಯತ್ತೆಯಲ್ಲಿ ನಾನು ಗಣಿತದಲ್ಲಿ ನಪಾಸಾದೆ. ಉಳಿದ ವಿಷಯಗಳೆಲ್ಲ ಪಾಸು, ಅದೊಂದೇ ಕೈಕೊಟ್ಟಿತು. ಕನ್ನೊಳ್ಳಿಯ ನಮ್ಮ ಮನೆಯಲ್ಲಿ ಅಪ್ಪ ಕೂಗಾಡಲಿಲ್ಲ. "ಅಕ್ಟೋಬರ್‌ದಾಗ ಇನ್ನೊಮ್ಮೆ ಪರೀಕ್ಷಾ ಕೊಡು. ಆದ್ರ ಆತು. ಇಲ್ಲಂದ್ರ ಸಾಲಿ ಸಾಕು, ಗಂಡ ನೋಡ್ತೇನಿ" ಎಂದಷ್ಟೇ ಹೇಳಿ ಹೊಲಕ್ಕೆ ನಡೆದ. ಕೂಗಾಡಿದ್ದರೇ ಚೆನ್ನಾಗಿತ್ತು. ಅಪ್ಪ ತಣ್ಣಗೆ ಹೇಳಿದ ಮಾತು ಬದಲಾಗುವುದಿಲ್ಲವೆಂದು ನಮ್ಮ ಮನೆಯ ಬೆಕ್ಕಿಗೂ ಗೊತ್ತಿತ್ತು.

ತೊಂಬತ್ತರ ದಶಕದ ನಡುವಿನ ಮಾತಿದು. ಟ್ಯೂಷನ್ನಿಗೆಂದು ನನ್ನನ್ನು ಇಂಡಿಗೆ, ಅವ್ವನ ತಂಗಿಯ ಮನೆಗೆ ಕಳಿಸಿದರು. ಅವಳು ನಮ್ಮ ಚಿಗವ್ವ. ಏಳನೆಯ ಇಯತ್ತೆಗೇ ಶಾಲೆ ಬಿಡಿಸಿ ಅವಳ ಮದುವೆ ಮಾಡಿದ್ದರು. ಅವಳ ಗಂಡ, ನಮ್ಮ ಕಾಕಾನಿಗೆ ಊರ ಹೊರಗೆ ಲಿಂಬೆ ತೋಟವಿತ್ತು. ಮನೆಯಲ್ಲಿ ಒಂಬತ್ತು ಜನ, ದಿನಾ ಮುಂಜಾನೆ ಮೂವತ್ತು ರೊಟ್ಟಿ. ಅಷ್ಟನ್ನೂ ಅವಳೊಬ್ಬಳೇ ಬಡಿಯುತ್ತಿದ್ದಳು.

ಗಣಿತ ನನಗೆ ತಿಳಿಯುತ್ತಿರಲಿಲ್ಲ ಎಂದಲ್ಲ. ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಪುಸ್ತಕ ತೆರೆದ ಕೂಡಲೇ ನೀರಡಿಕೆ, ನೀರು ಕುಡಿದರೆ ತುರಿಕೆ, ತುರಿಸಿಕೊಂಡರೆ ಓಣಿಯಲ್ಲಿ ಯಾರೋ ಬಂದ ಸಪ್ಪಳ. ಕಾಕಾ ಒಂದು ಅಲಾರಾಂ ಗಡಿಯಾರ ತಂದು ಮುಂದಿಟ್ಟು, "ಒಂದ್ ತಾಸು ಏಳಂಗಿಲ್ಲ" ಎಂದ. ನಾನು ಒಂದು ತಾಸು ಏಳಲಿಲ್ಲ ನಿಜ. ಆದರೆ ಆ ತಾಸೆಲ್ಲ ಮುಳ್ಳು ತಿರುಗುವುದನ್ನೇ ನೋಡುತ್ತ ಕೂತಿದ್ದೆ. ಅಡುಗೆಮನೆಯಿಂದ ಇಣುಕಿದ ಚಿಗವ್ವನಿಗೆ ನನ್ನ ಕಳ್ಳಾಟ ಗೊತ್ತಾಯಿತು.

"ಏ ಯವ್ವಾ, ನೀ ಗಡಿಯಾರ ಓದಾಕತ್ತೀ ಏನು? ಲೆಕ್ಕಾ ನಿಮ್ಮಪ್ಪ ಬಂದು ಓದ್ತಾನೇನು?" ಎಂದು ಗಡಿಯಾರ ಎತ್ತಿ ಮಡಿಲಿಗೆ ಹಾಕಿಕೊಂಡು ಹೋದಳು.

ಮರುದಿನ ನನ್ನನ್ನು ಅಡುಗೆಮನೆಯ ಮೂಲೆಯಲ್ಲಿ, ಒಲೆಗೆ ಬೆನ್ನು ಮಾಡಿಸಿ ಕೂರಿಸಿದಳು. ಅವಳ ಕಾನೂನು ಇಷ್ಟೇ. ಐದು ರೊಟ್ಟಿ ಬಡಿಯುವವರೆಗೆ ತಲೆ ಎತ್ತದೆ ಓದಬೇಕು. ಆರನೆಯ ರೊಟ್ಟಿಯ ಹೊತ್ತು ನನ್ನದು; ಏಳಬಹುದು, ಹಿತ್ತಿಲಿಗೆ ಹೋಗಬಹುದು, ಬಿಸಿ ರೊಟ್ಟಿಯ ತುಣುಕಿಗೆ ಖಾರದ ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನಬಹುದು. ಮತ್ತೆ ಐದು ರೊಟ್ಟಿ. "ಎಣಸಬ್ಯಾಡ, ಎಣಸೋದು ನಂದು. ಹೊಳ್ಳಿ ನೋಡಬ್ಯಾಡ. ಹೊತ್ತಾದ್ರ ರೊಟ್ಟಿ ಹಲಗಿಗೆ ಎರಡು ಸಲ ಜೋರ್ ಬಡೀತೇನಿ" ಎಂದಳು.

ಇದೆಂಥ ಹುಚ್ಚಾಟ ಎಂದು ಮೊದಲ ದಿನ ಸಿಟ್ಟು ಬಂತು. ನಾಲ್ಕನೆಯ ದಿನಕ್ಕೆ ಸಿಟ್ಟು ಇಳಿಯಿತು. ಬೆನ್ನ ಹಿಂದೆ ಟಪ್ ಟಪ್ ಟಪ್ ಎಂದು ಹಿಟ್ಟು ಅಗಲವಾಗುವ ಸಪ್ಪಳ, ಹಂಚಿಗೆ ಬಿದ್ದಾಗ ಒಂದು ಕ್ಷಣ ಮೌನ, ಮತ್ತೆ ಟಪ್ ಟಪ್. ಆ ಸಪ್ಪಳ ನಡೆದಿರುವವರೆಗೆ ನೀರಡಿಕೆಯೂ ಇಲ್ಲ, ತುರಿಕೆಯೂ ಇಲ್ಲ. ಒಂದು ತಾಸು ಎಂದರೆ ಹೆದರುತ್ತಿದ್ದ ನನ್ನ ತಲೆ ಐದು ರೊಟ್ಟಿ ಎಂದರೆ ಹೂಂ ಅನ್ನುತ್ತಿತ್ತು. ಮೂವತ್ತು ರೊಟ್ಟಿ ಮುಗಿಯುವುದರೊಳಗೆ ಐದು ಸಲ ಕೂತೆದ್ದಿರುತ್ತಿದ್ದೆ, ಐದು ಲೆಕ್ಕ ಬಿಡಿಸಿರುತ್ತಿದ್ದೆ.

ಒಂದು ದಿನ ಹಿಂಡಿ ನೆಕ್ಕುತ್ತ ಕೂತಿದ್ದಾಗ ಚಿಗವ್ವ ನಾನು ಲೆಕ್ಕ ಬರೆಯುವ ಪಟ್ಟಿಯೊಳಗೆ ಇಣುಕಿ ಕೇಳಿದಳು. "ಹೌದಲ್ಲ, ಈ ಎಕ್ಸ್ ಎಕ್ಸ್ ಅಂತ ಹಗಲೆಲ್ಲಾ ಒದರ್ತೀಯಲ್ಲ, ಯಾರದು?"

"ಯಾರೂ ಅಲ್ಲ ಚಿಗವ್ವಾ. ಎಷ್ಟು ಅಂತ ಗೊತ್ತಿಲ್ಲದ್ದಕ್ಕ ಎಕ್ಸ್ ಅಂತಾರ. ಆಮ್ಯಾಲ ಹುಡುಕೋದು."

ಅವಳು ರೊಟ್ಟಿ ಮಗುಚುವುದನ್ನೇ ಮರೆತಳು. ಹಂಚಿನಿಂದ ಸೀದ ವಾಸನೆ ಬಂತು. "ನಾ ಸಾಲಿ ಬಿಡೂಮುಂದ ಅದು ಬಂದಿದ್ದಿಲ್ಲ" ಎಂದಳು. "ನೀ ಪಾಸಾದಿ ಅಂದ್ರ ನನಗ ಕಲಿಸಬೇಕು ನೋಡು. ದಿನಾ ಬ್ಯಾಡ. ಬಂದಾಗೊಮ್ಮೆ ಐದು ರೊಟ್ಟಿ ಹೊತ್ತು." ನಾನು ಅವಳ ಹಿಟ್ಟಿನ ಕೈಮೇಲೆ ಕೈಯಿಟ್ಟು ಆಣೆ ಮಾಡಿದೆ. ಹದಿನಾರರ ವಯಸ್ಸಿನಲ್ಲಿ ಆಣೆ ಮಾಡಲು ಏನು ಖರ್ಚು?

ಪರೀಕ್ಷೆಗೆ ವಾರ ಉಳಿದಿತ್ತು. ಆ ಮುಂಜಾನೆ ಒಂದು ಸಮೀಕರಣ ಬಿಡಿಸಲು ಕೂತೆ. ಎಷ್ಟು ಮಾಡಿದರೂ ಉತ್ತರ ಬಾರದು. ಹಿಂದೆ ಟಪ್ ಟಪ್ ನಡೆದೇ ಇತ್ತು. ಇವತ್ತು ಐದು ರೊಟ್ಟಿ ಬಹಳ ಉದ್ದವಾಯಿತಲ್ಲ ಎನಿಸಿ, ಕಾನೂನು ಮುರಿದು ಹೊಳ್ಳಿ ನೋಡಿದೆ. ಬುಟ್ಟಿ ತುಂಬಿತ್ತು. ಒಲೆ ಆರಿತ್ತು. ಹಿಟ್ಟಿನ ಪಾತ್ರೆ ತೊಳೆದು ಬೋರಲು ಹಾಕಿತ್ತು. ಚಿಗವ್ವ ಬರೀ ಹಲಗೆಯನ್ನು ಬಡಿಯುತ್ತ ಕೂತಿದ್ದಳು.

"ಹೊಳ್ಳಿ ನೋಡಬ್ಯಾಡ ಅಂದೇನಿಲ್ಲೋ? ಇನ್ನಾ ಎರಡು ರೊಟ್ಟಿ ಅದಾವು" ಎಂದು ಗದರಿಸಿದಳು.

ಮತ್ತೆ ಪಟ್ಟಿಯತ್ತ ತಿರುಗಿದೆ. ಇಲ್ಲದ ಆ ಎರಡು ರೊಟ್ಟಿಯ ಹೊತ್ತಿನಲ್ಲಿ ಉತ್ತರ ಬಂತು. ನನಗೆ ಕಣ್ಣೀರೂ ಬಂತು, ಪಟ್ಟಿಯ ಮೇಲೆ ಬಿದ್ದು ಶಾಯಿ ಕದಡಿತು. ಇನ್ನೆಷ್ಟು ದಿನ ಹೀಗೆ ಬರೀ ಹಲಗೆ ಬಡಿದಿದ್ದಳೋ, ಕೇಳುವ ಧೈರ್ಯವಾಗಲಿಲ್ಲ.

ಪರೀಕ್ಷೆಯ ಕೋಣೆಯಲ್ಲಿ ಪ್ರಶ್ನೆಪತ್ರಿಕೆ ನೋಡಿದಾಗ ಮೊದಲ ಲೆಕ್ಕವೇ ಹೊಳೆಯಲಿಲ್ಲ. ಕಣ್ಣು ಮುಚ್ಚಿಕೊಂಡೆ. ಎಡಗೈ ತಾನಾಗಿಯೇ ಬೆಂಚಿನ ಮೇಲೆ ಟಪ್ ಟಪ್ ಎನ್ನತೊಡಗಿತು. ಮೇಲ್ವಿಚಾರಕರು ಧಾವಿಸಿ ಬಂದರು.

"ಏನದು ಟಪಟಪ? ಹಿಂದಿನಾಕಿಗೆ ಸನ್ನಿ ಮಾಡಾಕತ್ತೀಯೇನು?"

"ಇಲ್ರಿ ಸರ್, ರೊಟ್ಟಿ ಬಡ್ಯಾಕತ್ತೇನ್ರಿ" ಎಂದುಬಿಟ್ಟೆ. ಕೋಣೆಯೆಲ್ಲ ಗೊಳ್ಳೆಂದಿತು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮನಿಗೆ ಹೋಗಿ ಬಡಿ. ಇಲ್ಲಿ ಬರಿ" ಎಂದರು. ಉಳಿದ ರೊಟ್ಟಿಯನ್ನೆಲ್ಲ ತೊಡೆಯ ಮೇಲೆ, ಸಪ್ಪಳವಿಲ್ಲದೆ ಬಡಿದೆ.

ಪಾಸಾದೆ. ಅಪ್ಪ ಮಾತು ಉಳಿಸಿಕೊಂಡ. ಸಿಂದಗಿಯ ಕಾಲೇಜಿಗೆ ಹಚ್ಚಿದ. ಮುಂದೆ ಓದಿ ಮುದ್ದೇಬಿಹಾಳದ ಒಂದು ಶಾಲೆಯಲ್ಲಿ ಟೀಚರ್ ಆದೆ. ಅದೂ ಗಣಿತಕ್ಕೇ. ಊರ ಮಕ್ಕಳಿಗೆಲ್ಲ ಎಕ್ಸ್ ಎಂದರೆ ಏನು ಎಂದು ವರ್ಷವರ್ಷವೂ ಹೇಳಿಕೊಟ್ಟೆ. ಇಂಡಿಗೂ ಹೋಗುತ್ತಿದ್ದೆ, ಹಬ್ಬಕ್ಕೋ ಮದುವೆಗೋ, ಬಂದೆ ಹೊರಟೆ ಎಂಬಂತೆ. ಪ್ರತಿ ಸಲವೂ ಚಿಗವ್ವ ಕೇಳುತ್ತಿದ್ದಳು, ಪ್ರತಿ ಸಲವೂ ಮುಂದಿನ ಸಲ ಎನ್ನುತ್ತಿದ್ದೆ.

ಕೊನೆಯ ಸಲ ಹೋದಾಗ ಎರಡು ಸಾವಿರದ ಇಸವಿ ದಾಟಿ ನಾಲ್ಕಾರು ವರ್ಷವಾಗಿತ್ತು. ನಾನು ಬ್ಯಾಗು ಹೆಗಲಿಗೇರಿಸಿ ಹೊರಟಾಗ ಅವಳು ಹಲಗೆಯ ಮುಂದೆ ಕೂತಿದ್ದಳು. ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡಿದ್ದಳು, ನೋವಂತೆ.

"ಆ ಎಕ್ಸಿಂದು ಹೇಳಿ ಹೋಗಲ್ಲ. ಐದು ರೊಟ್ಟಿ ಹೊತ್ತು ಕುಂಡ್ರು."

"ಬಸ್ ಹೋಕ್ಕೈತಿ ಚಿಗವ್ವಾ."

"ಎರಡು ರೊಟ್ಟಿ ಹೊತ್ತಾದ್ರೂ ಕುಂಡ್ರು."

"ಮುಂದಿನ ಸಲ ಖರೆ ಕುಂಡ್ರತೇನಿ" ಎಂದು ಚಪ್ಪಲಿ ಮೆಟ್ಟಿದೆ. ಬಾಗಿಲು ದಾಟುವಾಗ ಹಿಂದೆ ಟಪ್ ಟಪ್ ಶುರುವಾಯಿತು. ನಾನು ಹೊಳ್ಳಿ ನೋಡಲಿಲ್ಲ.

ಆ ವರ್ಷದ ಶ್ರಾವಣ ಮುಗಿಯುವುದರೊಳಗೆ ಅವಳು ಹೋದಳು, ನಾಲ್ಕು ದಿನದ ಜ್ವರದಲ್ಲಿ. ಈಗಲೂ ಎಲ್ಲಾದರೂ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಬೆನ್ನು ನೆಟ್ಟಗಾಗುತ್ತದೆ, ಕೈ ಪೆನ್ನು ಹುಡುಕುತ್ತದೆ. ಆ ಮೂಲೆಯಲ್ಲಿ ಇನ್ನೊಮ್ಮೆ ಕೂರುವಂತಾಗಲಿ ಎಂದು ಜೀವ ಹಂಬಲಿಸುತ್ತದೆ, ಈ ಸಲ ಅವಳು ಓದಲಿ, ಹಲಗೆ ನಾನು ಬಡಿಯುತ್ತೇನೆ.

ಅವತ್ತು ಇಂಡಿಯ ಸ್ಟ್ಯಾಂಡಿಗೆ ನನ್ನ ಬಸ್ಸು ಮುಕ್ಕಾಲು ತಾಸು ತಡವಾಗಿ ಬಂತು. ಹದಿನೈದು ರೊಟ್ಟಿಯ ಹೊತ್ತು ನಾನು ಅಲ್ಲಿ ಸುಮ್ಮನೆ ನಿಂತಿದ್ದೆ.